ಪಾರ್ಸಿಕ್ ಸುರಂಗದ ಆಚೆ, ಈಚೆ

ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಘದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಅಂಕಲ್, ಆಫೀಸು ಅಂದ್ರೆ ಹೊಟ್ಟೆ ಹಿಂಡಿದ ಹಾಗೆ ನಿಮಗೆ ಯಾವತ್ತಾದ್ರೂ ಆಗಿತ್ತಾ?" ಐರೋಲಿಯ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಆಕೆಗೆ ಕೆಲಸ. ಭಾನುವಾರ ಸಂಜೆ ಐದು ಗಂಟೆಯಾದರೆ ಸಾಕು, ಬಾಯಿ ಒಣಗುತ್ತದಂತೆ, ಯಾರ ಮಾತೂ ಬೇಡವೆನಿಸುತ್ತದಂತೆ. ಮನೆಯಲ್ಲಿ ಹೇಳಿದರೆ "ಇಷ್ಟು ಪಗಾರ ಬರ್ತದೆ, ಇನ್ನೇನು ಬೇಕು ನಿಂಗೆ" ಎನ್ನುತ್ತಾರಂತೆ.

"ಆಗಿತ್ತು, ಪಾರ್ಸಿಕ್ ಸುರಂಗದಲ್ಲಿ" ಎಂದೆ ನಾನು. ಆಕೆ ನಕ್ಕಳು. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಬಿಸಿಬೇಳೆ ಭಾತು ಬಂತು, ಮಾತು ಅಲ್ಲಿಗೇ ನಿಂತಿತು. ಅಂದು ಅರ್ಧಕ್ಕೆ ಉಳಿದ ಉತ್ತರವನ್ನು ಈಗ ಪೂರ್ತಿ ಮಾಡುತ್ತಿದ್ದೇನೆ. ಆಕೆಯೊಬ್ಬಳಿಗೇ ಅಲ್ಲ; ಇದೇ ಪ್ರಶ್ನೆಯನ್ನು ಯಾರಲ್ಲೂ ಕೇಳದೆ ನುಂಗಿಕೊಂಡಿರುವ ನಿಮ್ಮಲ್ಲಿ ಇನ್ನೂ ಕೆಲವರಿಗೆ.

ಡೊಂಬಿವಲಿಯಿಂದ ಮುಂಬಯಿಯ ಕಡೆಗೆ ಹೊರಟ ರೈಲು ಕೋಪರ್, ದಿವಾ ದಾಟಿದ ಮೇಲೆ ಎದುರಿಗೆ ಒಂದು ಗುಡ್ಡ ಬರುತ್ತದೆ. ಅದೇ ಪಾರ್ಸಿಕ್ ಗುಡ್ಡ. 1916ರಲ್ಲಿ ಆ ಗುಡ್ಡವನ್ನು ಕೊರೆದು ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗ ಮಾಡಿ ಹಳಿ ಹಾಕಿದರು. ಸ್ಲೋ ಲೋಕಲ್ ಗುಡ್ಡವನ್ನು ಬಳಸಿಕೊಂಡು ಮುಂಬ್ರಾ, ಕಳ್ವಾ ಮೇಲೆ ಠಾಣೆಗೆ ಹೋಗುತ್ತಿತ್ತು; ಫಾಸ್ಟ್ ಲೋಕಲ್ ನೇರವಾಗಿ ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತಿತ್ತು. 2022ರಲ್ಲಿ ಠಾಣೆ ಮತ್ತು ದಿವಾ ನಡುವೆ ಐದನೆಯ, ಆರನೆಯ ಹಳಿಗಳು ಬಂದವು. ಆ ಮೇಲೆ ಫಾಸ್ಟ್ ಲೋಕಲುಗಳೂ ಸುರಂಗವನ್ನು ಬಿಟ್ಟು ಮುಂಬ್ರಾ ಕಡೆಗೆ ತಿರುಗಿದವು. ಸುರಂಗ ಈಗ ದೂರದೂರಿನ ಗಾಡಿಗಳ ಪಾಲು. ನಿಮ್ಮಲ್ಲಿ ಎಷ್ಟೋ ಮಂದಿ ನಿತ್ಯ ಲೋಕಲಿನಲ್ಲಿ ಓಡಾಡಿಯೂ ಅದರ ಕತ್ತಲೆಯನ್ನು ಕಂಡಿರಲಾರಿರಿ.

ನಾವು ಕಂಡಿದ್ದೇವೆ. 1990ರ ಆಗಸ್ಟ್‌ನಲ್ಲಿ ನಾನು ಫೋರ್ಟಿನ ಒಂದು ವ್ಯಾಪಾರಿ ಸಂಸ್ಥೆಯ ಲೆಕ್ಕದ ವಿಭಾಗಕ್ಕೆ ಸೇರಿದೆ. ಬೆಳಿಗ್ಗೆ ಎಂಟರ ಸುಮಾರಿನ ಫಾಸ್ಟ್. ಡೊಂಬಿವಲಿಯಲ್ಲಿ ಹತ್ತಿ ಸೀಟು ಹಿಡಿಯುವುದು ದೇವರಿಗೂ ಆಗದ ಕೆಲಸ. ಕೆಲವರು ಕಲ್ಯಾಣದವರೆಗೆ ಹಿಂದಕ್ಕೆ ಹೋಗಿ, ಕೂತುಕೊಂಡೇ ಮರಳಿ ಬರುತ್ತಿದ್ದರು. ನಾನು ಬಾಗಿಲಿನಿಂದ ಮೂರನೆಯ ಸಾಲಿನ ಬೇಲೂರ ಶಿಲಾಬಾಲಿಕೆ, ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದೋ ಚಪ್ಪಲಿಯ ಮೇಲೆ. ಒಂದು ಮೂಲೆಯಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಬ್ರೀಫ್‌ಕೇಸನ್ನು ತೊಡೆಯ ಮೇಲಿಟ್ಟು ರಮ್ಮಿ ನಡೆಯುತ್ತಿತ್ತು. ಮಳೆಗಾಲದಲ್ಲಿ ಸುರಂಗದ ಬಾಯಿ ಹತ್ತಿರವಾದಂತೆ ಕಿಟಕಿಯವರು ತಾವಾಗಿಯೇ ಶಟರ್ ಎಳೆಯುತ್ತಿದ್ದರು. ಆಮೇಲೆ ಒಂದೂವರೆ ನಿಮಿಷ ಕತ್ತಲೆ, ಸದ್ದು, ಕಿವಿಯಲ್ಲಿ ಒತ್ತಡ. ಹೊರಗೆ ಬಂದರೆ ಕಳ್ವಾ, ಖಾಡಿಯ ಸೇತುವೆ, ಠಾಣೆ.

ಮೊದಲ ಆರೇಳು ವರ್ಷ ಈ ಪ್ರಯಾಣ ಕಷ್ಟದ್ದೆಂದು ಅನಿಸಿತ್ತೇ ಹೊರತು ಭಯದ್ದೆಂದು ಅನಿಸಿರಲಿಲ್ಲ. ಕಷ್ಟ ಬೇರೆ, ಭಯ ಬೇರೆ. ನಮ್ಮ ಮುಂಬಯಿಯವರು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ನೂಕುನುಗ್ಗಲಿನಿಂದ ಮೈ ನೋಯುತ್ತಿತ್ತು, ಆದರೆ ವಿ.ಟಿ.ಯಲ್ಲಿ ಇಳಿದು ಒಂದು ಗ್ಲಾಸು ಚಹಾ ಕುಡಿದರೆ ಹೋಗುತ್ತಿತ್ತು. (ವಿ.ಟಿ. ಎಂದರೆ ಇಂದಿನ ಸಿ.ಎಸ್.ಎಂ.ಟಿ. 1996ರಲ್ಲೇ ಹೆಸರು ಬದಲಾದರೂ ನನ್ನ ನಾಲಿಗೆ ಇನ್ನೂ ಬದಲಾಗಿಲ್ಲ.) 1998ರ ಹೊತ್ತಿಗೆ ಬೇರೊಂದು ಶುರುವಾಯಿತು. ಸುರಂಗದ ಕತ್ತಲೆ ಕವಿದ ಕೂಡಲೇ ಹೊಟ್ಟೆಯಲ್ಲಿ ಹಗ್ಗ ಬಿಗಿದಂತೆ. ಅಂಗೈ ಒದ್ದೆ. ಠಾಣೆಯಲ್ಲಿ ಇಳಿದು ವಾಪಸು ಗಾಡಿ ಹತ್ತಿಬಿಡೋಣ ಎಂಬ ಯೋಚನೆ. ಒಂದೆರಡು ಸಲ ಇಳಿದೂ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ನಿಂತು, ಮುಂದಿನ ಗಾಡಿಗೆ ಹತ್ತಿಕೊಂಡೆ. ಡಾಕ್ಟರರು ಆಸಿಡಿಟಿ ಎಂದರು, ಗುಳಿಗೆ ಬರೆದರು. ಭಾನುವಾರ ಸಂಜೆಯವರೆಗೆ ಬಾರದ ಆಸಿಡಿಟಿ ಸರಿಯಾಗಿ ಐದಕ್ಕೇ ಹೇಗೆ ಬರುತ್ತದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

2005ರಲ್ಲಿ ನಿಶಿಕಾಂತ್ ಕಾಮತರ 'ಡೊಂಬಿವಲಿ ಫಾಸ್ಟ್' ಎಂಬ ಮರಾಠಿ ಚಿತ್ರ ಬಂತು. ಲೋಕಲಿನಲ್ಲಿ ಓಡಾಡುವ ಒಬ್ಬ ಬ್ಯಾಂಕ್ ನೌಕರ ಒಂದು ದಿನ ತಾಳ್ಮೆಗೆಟ್ಟು ಊರ ಅನ್ಯಾಯದ ಮೇಲೆಲ್ಲ ಮುಗಿಬೀಳುವ ಕಥೆ. ನಮ್ಮ ಕಾಲೊನಿಯವರೆಲ್ಲ ಸೇರಿ ನೋಡಿ ಬಂದೆವು. ನಮ್ಮಂಥವರಲ್ಲಿ ಹೆಚ್ಚಿನವರು ಬ್ಯಾಟು ಹಿಡಿದು ಬೀದಿಗಿಳಿಯುವುದಿಲ್ಲ. ಗುಳಿಗೆ ನುಂಗಿ ಸುಮ್ಮನಿರುತ್ತೇವೆ.

ನಾನು ಲೆಕ್ಕದವನಾದ್ದರಿಂದ ಕೊನೆಗೆ ಲೆಕ್ಕಕ್ಕೇ ಶರಣಾದೆ. ಮೂರು ತಿಂಗಳ ಪಾಸಿನ ಪ್ಲಾಸ್ಟಿಕ್ ಕವರಿನ ಹಿಂದೆ ಒಂದು ರಟ್ಟಿನ ಕಾರ್ಡು ಇಟ್ಟುಕೊಂಡೆ. ತಾರೀಖು ಬರೆದು, ಹೊಟ್ಟೆ ಬಿಗಿದ ದಿನ ಒಂದು ಗೀಟು, ಬಹಳ ಬಿಗಿದರೆ ಎರಡು. ಮ್ಯಾನೇಜರ್ ರಜೆಯಲ್ಲಿದ್ದರೆ ಅದರ ಪಕ್ಕ ಒಂದು ಚುಕ್ಕೆ. ರಾತ್ರಿ ನಿದ್ದೆ ಸರಿಯಾಗದಿದ್ದರೆ ಒಂದು ಸೊನ್ನೆ. ನೋಡಿದವರು ಮಟ್ಕಾ ನಂಬರು ಅಂದುಕೊಂಡಿರಬೇಕು.

ಎರಡು ತಿಂಗಳ ಕಾರ್ಡು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಚುಕ್ಕೆಗೂ ಗೀಟಿಗೂ ಸಂಬಂಧವಿರಲಿಲ್ಲ; ಅಂದರೆ ನಾನು ನಿತ್ಯ ಶಪಿಸುತ್ತಿದ್ದ ಮ್ಯಾನೇಜರ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಸೊನ್ನೆಗೂ ದೊಡ್ಡ ಸಂಬಂಧವಿರಲಿಲ್ಲ. ಗೀಟುಗಳೆಲ್ಲ ಒಂದನೆಯ ತಾರೀಖಿನಿಂದ ಹತ್ತರವರೆಗೆ ಗುಂಪು ಕಟ್ಟಿದ್ದವು. ಹದಿನೈದರ ನಂತರ ಅಲ್ಲೊಂದು ಇಲ್ಲೊಂದು. ತಿಂಗಳ ಮೊದಲಲ್ಲಿ ಕೆಲಸ ಜಾಸ್ತಿ, ಅದಕ್ಕೇ ಹೀಗೆ ಎಂದುಕೊಂಡೆ. ಈ ಅಂಕಿಗಳ ಸಹವಾಸವೇ ನನಗೆ ಒಗ್ಗಿಬರುವುದಿಲ್ಲ, ಊರಿಗೆ ಹೋಗಿ ಗದ್ದೆ ಮಾಡಿಕೊಂಡಿರುವುದೇ ಮೇಲು ಎಂದು ತೀರ್ಮಾನಿಸಿದೆ. ಕಾರ್ಡು ಹೇಳಿದ್ದು ಸರಿ, ಓದಿದವನು ತಪ್ಪು.

1999ರ ಮೇ ತಿಂಗಳಲ್ಲಿ ಹನ್ನೆರಡು ದಿನ ರಜೆ ಹಾಕಿ ಊರಿಗೆ ಹೊರಟೆ. ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆಯ ದಂಡೆ. ಅದಕ್ಕೆ ಒಂದು ವರ್ಷ ಮೊದಲು, 1998ರಲ್ಲಿ, ಕೊಂಕಣ ರೈಲ್ವೆ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಿತ್ತು. ಅದಕ್ಕೂ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು, ವಾಂತಿ ಮಾಡಿಕೊಂಡು, ಮೈಯೆಲ್ಲ ಧೂಳಾಗಿ ತಲುಪುವುದು. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಗಂಟೆಗಟ್ಟಲೆ ಹೇಳುತ್ತಾರೆ. ಹೊಸ ರೈಲಿನ ಬೆರಗು ಇನ್ನೂ ಆರಿರಲಿಲ್ಲ. ಕುರ್ಲಾ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಕ್ಕೆ ಠಾಣೆಯಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತೆ.

ಠಾಣೆ ಬಿಟ್ಟ ಐದು ನಿಮಿಷಕ್ಕೆ ಗಾಡಿ ಪಾರ್ಸಿಕ್ ಸುರಂಗದೊಳಗೆ ಹೋಯಿತು. ಅದೇ ಕತ್ತಲೆ, ಅದೇ ಸದ್ದು, ಕಿವಿಯಲ್ಲಿ ಅದೇ ಒತ್ತಡ. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಏನೂ ಆಗಲಿಲ್ಲ. ಪಕ್ಕದವರು ಚಕ್ಕುಲಿ ಕೊಟ್ಟರು, ತಿಂದೆ.

ದಿವಾದಿಂದ ಗಾಡಿ ಪನ್ವೇಲಿನ ಕಡೆಗೆ ತಿರುಗುತ್ತದೆ. ರೋಹಾದಿಂದ ಮುಂದೆ ಕೊಂಕಣ ರೈಲ್ವೆಯ ಸ್ವಂತ ಹಳಿ. ಖೇಡ್, ಚಿಪಳೂಣ ದಾಟುವಷ್ಟರಲ್ಲಿ ಸೂರ್ಯ ಮುಳುಗಿದ. ಆಮೇಲೆ ಒಂದರ ಹಿಂದೊಂದು ಸುರಂಗ. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಪಾರ್ಸಿಕ್ ಅದರ ಮುಂದೆ ಮಗು. ಅದೇ ಸುತ್ತಿನಲ್ಲಿ ಪಾನವಲ ನದಿಯ ಕಣಿವೆಗೆ 64 ಮೀಟರ್ ಎತ್ತರದ ಸೇತುವೆ ಕಟ್ಟಿದ್ದಾರೆ. ಕತ್ತಲಾಗಿದ್ದರಿಂದ ಕೆಳಗೆ ಏನೂ ಕಾಣಲಿಲ್ಲ, ಚಕ್ರದ ಸದ್ದು ಮಾತ್ರ ಹಗುರಾಯಿತು. ಅಷ್ಟೆಲ್ಲ ಸುರಂಗಗಳಲ್ಲಿ ನನ್ನ ಹೊಟ್ಟೆ ಒಮ್ಮೆಯೂ ಬಿಗಿಯಲಿಲ್ಲ. ಹಾಗಾದರೆ ಕತ್ತಲೆಯದೂ ತಪ್ಪಲ್ಲ, ರೈಲಿನದೂ ಅಲ್ಲ.

ಬೆಳಗಿನ ಜಾವ ಕುಮಟೆಯಲ್ಲಿ ಇಳಿದಾಗ ಅಣ್ಣ ಕಾದಿದ್ದ, ದೊಡ್ಡಪ್ಪನ ಮಗ. "ಬಂದ್ಯೇನ? ಎಂತ, ಇಷ್ಟು ಸೊರಗಿದ್ದೆ?" ಎಂದ. ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮನೆ ಸೇರುವಷ್ಟರಲ್ಲಿ ಬೆಳಕು ಹರಿದಿತ್ತು.

ನಮ್ಮ ಊರಿನ ಕಡೆ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಭೂಮಿ ಇದೆ. ಕಟ್ಟೆ ಹಾಕಿ ನೀರು ತಡೆದು, ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟರೆ ಸಿಗಡಿ, ಮೀನು. ಹೊಳೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಚಿಪ್ಪೆಕಲ್ಲು ಆರಿಸುತ್ತಾರೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುತ್ತಾರೆ. ಇದನ್ನೆಲ್ಲ ಎರಡು ದಿನ ತಿರುಗಿ ನೋಡಿ, ಮೂರನೆಯ ದಿನ ಅಣ್ಣನಿಗೆ ಹೇಳಿದೆ, "ನಾನೂ ಇಲ್ಲೇ ಬಂದುಬಿಡ್ತೆ. ನಮ್ಮ ಪಾಲಿನ ಗಜನಿ ಮಾಡ್ಕಂಡು ಇರ್ತೆ."

"ನಿಂಗೆಂತ ಮಳ್ಳು ಹಿಡದದ್ಯಾ?" ಎಂದ ಅಣ್ಣ. ಕಟ್ಟೆ ಒಡೆದರೆ ಕಟ್ಟಲು ಆಳಿಲ್ಲ, ಒಬ್ಬನ ಕಟ್ಟೆ ಒಬ್ಬನಿಂದ ನಿಲ್ಲುವುದಿಲ್ಲ, ಕಗ್ಗದ ಫಸಲು ಮನೆಯ ಊಟಕ್ಕಾದರೆ ದೊಡ್ಡದು ಎಂದೆಲ್ಲ ಹೇಳಿದ. ಆಮೇಲೆ ತನ್ನ ಮಾತು ತೆಗೆದ. ಅವನು ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಬೆಳೆಸಾಲ ವಸೂಲಿಗೆ ಹೋಗಬೇಕು; ಸಾಲಗಾರರೆಲ್ಲ ಮಾವ, ಭಾವ, ಚಿಕ್ಕಪ್ಪಂದಿರು. "ನಾಳೆ ಇಂಥವರ ಮನೆಗೆ ಹೋಗಬೇಕು ಅಂತಿದ್ರೆ ಹಿಂದಿನ ರಾತ್ರಿ ಊಟ ಇಳಿತಿಲ್ಲೆ ನಂಗೆ. ಊರಲ್ಲಿ ಹೆದರಿಕೆ ಇಲ್ಲೆ ಅಂತ ನಿಂಗೆ ಯಾರು ಹೇಳಿದ್ರು?"

ಈ ಮಾತನ್ನು ನಿಮಗಾಗಿ ಬೇಕೆಂದೇ ಬರೆದಿದ್ದೇನೆ. ಊರಲ್ಲಿ ಹೋಮ್‌ಸ್ಟೇ ಮಾಡುತ್ತೇನೆ, ತೋಟ ಮಾಡುತ್ತೇನೆ ಎಂದು ಕನಸು ಕಾಣುವ ಹುಡುಗರು ನಮ್ಮ ಸಂಘದಲ್ಲೇ ಕೆಲವರಿದ್ದಾರೆ. ಮಾಡಬಾರದು ಎಂದಲ್ಲ. ಆದರೆ ನಿಮ್ಮ ಊರು ರಜೆಯ ಊರು. ಅಲ್ಲಿ ನೀವು ಕಂಡದ್ದು ಮೇ ತಿಂಗಳ ಮಾವಿನ ಹಣ್ಣು ಮತ್ತು ಅಜ್ಜಿಯ ಕೈ ಊಟ. ಜುಲೈ ತಿಂಗಳ ವಸೂಲಿಯನ್ನು ನೀವು ಕಂಡಿಲ್ಲ.

ಇದೇ ಕುಮಟಾ ತಾಲೂಕಿನವರು ಯಶವಂತ ಚಿತ್ತಾಲರು, ಹನೇಹಳ್ಳಿಯವರು. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದಶಕಗಳ ಕಾಲ ದುಡಿದರು. 1979ರ 'ಶಿಕಾರಿ' ಕಾದಂಬರಿಯಲ್ಲಿ ಇಂಥದೇ ಒಂದು ಕಂಪೆನಿಯ ಒಳಸಂಚಿಗೆ ಸಿಕ್ಕ ನಾಗಪ್ಪನೆಂಬವನ ಭಯವನ್ನು ಬರೆದರು. ಮುಂಬಯಿ ಕನ್ನಡಿಗ ಆಫೀಸಿನಲ್ಲಿ ಹೇಗೆ ಹೆದರುತ್ತಾನೆ ಎಂಬುದನ್ನು ಅದಕ್ಕಿಂತ ಹತ್ತಿರದಿಂದ ನೋಡಿದ ಪುಸ್ತಕ ನನಗೆ ಸಿಕ್ಕಿಲ್ಲ. ನಮ್ಮ ವಾಚನಾಲಯದಲ್ಲಿದೆ, ಓದಿ. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟರಾಗಿದ್ದವರು. ಆಮೇಲೆ ಬೆಂಗಳೂರಿಗೆ ಹೋಗಿ ಬೇರೆಯೇ ಬದುಕು ಹಿಡಿದರು. ನೀವು ಗುನುಗುವ 2006ರ 'ಮುಂಗಾರು ಮಳೆ'ಯ ಹಾಡುಗಳಲ್ಲಿ ಅವರವೂ ಇವೆ. ಒಂದೇ ತಾಲೂಕಿನ ಇಬ್ಬರು. ಒಬ್ಬರು ಮುಂಬಯಿಯಲ್ಲೇ ಉಳಿದರು, ಒಬ್ಬರು ಬಿಟ್ಟು ಹೋದರು. ಬರೆಯುವುದನ್ನು ಇಬ್ಬರೂ ನಿಲ್ಲಿಸಲಿಲ್ಲ.

ನನ್ನ ಕಥೆ ಅಷ್ಟು ದೊಡ್ಡದಲ್ಲ. ರಜೆಯ ಆರನೆಯ ದಿನ ಅಣ್ಣ ಸಂಘದ ಕಚೇರಿಗೆ ಕರೆದುಕೊಂಡು ಹೋದ. ವರ್ಷದ ಲೆಕ್ಕ ಆಡಿಟಿಗೆ ತಯಾರಾಗಬೇಕು, ತಾಳೆ 270 ರೂಪಾಯಿಗೆ ಕೂಡುತ್ತಿಲ್ಲ, ನಾಲ್ಕು ದಿನದಿಂದ ಹುಡುಕುತ್ತಿದ್ದಾರೆ. ಹಳೆಯ ಹಂಚಿನ ಕಟ್ಟಡ, ಹೊರಗೆ ಗೊಬ್ಬರದ ಚೀಲಗಳ ವಾಸನೆ. ಕೆಂಪು ಬಟ್ಟೆಯ ಲೆಡ್ಜರುಗಳನ್ನು ಎಳೆದುಕೊಂಡು ನಾನು ಕೂತೆ. ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತಿದ್ದರೆ ಅಂಕಿ ಹಿಂದುಮುಂದಾಗಿರಬಹುದು ಎಂಬುದು ನಮ್ಮ ಕಸುಬಿನ ಹಳೆಯ ಗುಟ್ಟು. 270 ಭಾಗವಾಗುತ್ತದೆ. ಪುಟ ತಿರುಗಿಸುತ್ತ ಹೋದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸಿಕ್ಕಿತು: ಯಾರದೋ ಖಾತೆಗೆ 630 ಎಂದಿರಬೇಕಾದದ್ದು 360 ಎಂದಾಗಿತ್ತು. ಕಾರ್ಯದರ್ಶಿಗಳು ಬೆನ್ನು ತಟ್ಟಿ, ಸೋಡಾ ತರಿಸಿದರು. ಮುಂದಿನ ಎರಡು ದಿನವೂ ಯಾರೂ ಕರೆಯದೆ ನಾನೇ ಹೋಗಿ ಕೂತೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಫ್ಯಾನೂ ಸರಿಯಿಲ್ಲ, ಆದರೂ ಹೊತ್ತು ಹೋದದ್ದು ತಿಳಿಯಲಿಲ್ಲ.

ಎಂಟನೆಯ ದಿನ ಸಂಜೆ ಹೊಳೆಯ ಕಟ್ಟೆಯ ಮೇಲೆ ಕೂತಾಗ ಇದು ತಲೆಗೆ ಹೊಳೆಯಿತು. ಅಂಕಿಗಳನ್ನು ಕಂಡರೆ ಹೆದರುವವನು ರಜೆಯಲ್ಲಿ ಬಂದು ಬಿಟ್ಟಿಯಾಗಿ ಲೆಡ್ಜರ್ ತಿರುವುತ್ತಾನೆಯೇ? ಹಾಗಾದರೆ ಒಂದರಿಂದ ಹತ್ತರೊಳಗೆ ಆಫೀಸಿನಲ್ಲಿ ನಾನು ಮಾಡುವುದೇನು?

ಉತ್ತರ ಗೊತ್ತಿತ್ತು, ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ಹತ್ತನೆಯ ತಾರೀಖಿಗೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಹೋಗಬೇಕು. ವ್ಯಾಪಾರಿಗಳಿಗೆ ಬ್ಯಾಂಕು ಕ್ಯಾಶ್ ಕ್ರೆಡಿಟ್ ಕೊಡುವಾಗ ಗೋದಾಮಿನ ಸರಕನ್ನು ಒತ್ತೆಯಾಗಿ ಹಿಡಿಯುತ್ತದೆ. ಪ್ರತಿ ತಿಂಗಳು ಸರಕು ಎಷ್ಟಿದೆ ಎಂದು ಬರೆದು ಕೊಡಬೇಕು. ಅದರಲ್ಲಿ ಒಂದು ಪಾಲು ಬಿಟ್ಟು ಉಳಿದ ಮೌಲ್ಯದ ಮೇಲೆ ಎಷ್ಟು ಹಣ ಎತ್ತಬಹುದು ಎಂಬುದು ನಿಗದಿಯಾಗುತ್ತದೆ. ನಮ್ಮ ಭಿವಂಡಿ ಗೋದಾಮಿನಲ್ಲಿ 41 ಲಕ್ಷದ ಸರಕಿದ್ದರೆ ಮೇಲಿನಿಂದ ಒಂದು ಚೀಟಿ ಬರುತ್ತಿತ್ತು, 62 ಎಂದು. ನಾನು 62 ಎಂದು ಟೈಪು ಮಾಡಿಸಿ, ಕೆಳಗೆ ಸಹಿ ಹಾಕುತ್ತಿದ್ದೆ. 1998ರಲ್ಲಿ ನನಗೆ ಬಡ್ತಿ ಕೊಟ್ಟು ಸಹಿಯ ಅಧಿಕಾರ ಕೊಟ್ಟಿದ್ದರು. ಆ ದಿನ ಪೇಡೆ ಹಂಚಿದ್ದೆ. ಹೊಟ್ಟೆ ಬಿಗಿಯಲು ಶುರುವಾದದ್ದೂ ಆ ವರ್ಷವೇ. ಬರೀ ಕೆಲಸದ ಭಾರವಾಗಿದ್ದರೆ ನನಗೆ ಬಡ್ತಿಗಿಂತ ಮೊದಲೇ ಹಾಗೆ ಆಗಬೇಕಿತ್ತು.

ಮರಳುವಾಗ ಗಾಡಿ ಬೆಳಗಿನ ಹೊತ್ತು ದಿವಾ ದಾಟಿ ಪಾರ್ಸಿಕ್ ಸುರಂಗಕ್ಕೆ ಹೋಯಿತು. ಈ ಸಲ ಹೊಟ್ಟೆ ಬಿಗಿಯಿತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ, ಸಹಿಯ ವಿಷಯವನ್ನೂ. ಆಕೆ ಆಗ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಖರ್ಚಿನ ಡೈರಿ ತಂದು ಮುಂದಿಟ್ಟಳು. ಮನೆಸಾಲದ ಕಂತು, ಸೊಸೈಟಿಯ ಹಣ, ಮಗಳ ಫೀಸು, ಊರಿಗೆ ಕಳಿಸುವುದು. ನನ್ನ ಪಗಾರ ಆಗ ಒಟ್ಟು 9,200. ಆಕೆಯ ಸಂಬಳದಲ್ಲಿ ಕಂತು ಮತ್ತು ಅಕ್ಕಿಬೇಳೆ ಆಗುತ್ತದೆ, ಉಳಿದದ್ದಕ್ಕೆ ನೀವು ಕನಿಷ್ಠ ಮೂರು ಸಾವಿರ ತರಬೇಕು ಎಂದಳು. ಗ್ರಾಚುಟಿಯನ್ನೂ ಲೆಕ್ಕ ಹಾಕಿದೆವು. 1972ರ ಕಾಯ್ದೆಯ ಪ್ರಕಾರ ಐದು ವರ್ಷ ಸತತ ದುಡಿದವರಿಗೆ, ತಿಂಗಳಿಗೆ 26 ದಿನವೆಂದು ಹಿಡಿದು, ವರ್ಷಕ್ಕೆ ಹದಿನೈದು ದಿನದ ಸಂಬಳ ಬರುತ್ತಿತ್ತು. ನನ್ನ ಮೂಲ ವೇತನ 5,200, ಒಂಬತ್ತು ವರ್ಷ: ಇಪ್ಪತ್ತೇಳು ಸಾವಿರ. (ಈಗ ನಿಯಮಗಳು ಬದಲಾಗಿವೆ. ನಿಮ್ಮ ನೇಮಕಾತಿ ಪತ್ರ, ನೋಟಿಸ್ ಅವಧಿ, ಭವಿಷ್ಯನಿಧಿ, ಕಂಪೆನಿಯ ಆರೋಗ್ಯ ವಿಮೆ ಯಾವತ್ತಿಗೆ ನಿಲ್ಲುತ್ತದೆ ಎಂಬುದು, ಇವನ್ನೆಲ್ಲ ನೀವೇ ಓದಿ. ರಾಜೀನಾಮೆ ಬರೆಯುವ ಮೊದಲು ಓದಿ.)

ಜೂನ್ ತಿಂಗಳ ಸ್ಟೇಟ್‌ಮೆಂಟಿಗೆ ನಾನು ಸಹಿ ಹಾಕುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಕಾಲು ನಡುಗುತ್ತಿತ್ತು. ಅವರು ಕೂಗಾಡಲಿಲ್ಲ, ಕನ್ನಡಕ ತೆಗೆದು ಒರೆಸಿದರು, "ಠೀಕ್ ಹೈ, ನೀವು ಸೇಲ್ಸ್ ಟ್ಯಾಕ್ಸ್ ನೋಡಿಕೊಳ್ಳಿ" ಎಂದರು. ಮರುದಿನವೇ ನನ್ನ ಮೇಜು ಕಿಟಕಿಯ ಹತ್ತಿರಕ್ಕೆ ಹೋಯಿತು. ಸುರಂಗದಲ್ಲಿ ಹೊಟ್ಟೆ ಬಿಗಿಯುವುದು ಎರಡೇ ವಾರದಲ್ಲಿ ನಿಂತಿತು. ಕಾರ್ಡಿನಲ್ಲಿ ಗೀಟಿಲ್ಲದ ಜುಲೈ ತಿಂಗಳು ಈಗಲೂ ಇದೆ.

ಹಾಗಿದ್ದರೆ ಅಲ್ಲೇ ಉಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಉಳಿಯಬಹುದಿತ್ತು. ಆದರೆ ನನ್ನ ಜಾಗದಲ್ಲಿ ಸಹಿ ಹಾಕಲು ಒಬ್ಬ ಹುಡುಗನನ್ನು ಕೂರಿಸಿದರು. ಇಪ್ಪತ್ತನಾಲ್ಕು ವರ್ಷ, ಬಿ.ಕಾಂ., ಅಂಬರನಾಥದವನು. ಬಡ್ತಿ ಬಂತೆಂದು ಅವನೂ ಪೇಡೆ ಹಂಚಿದ. ನನ್ನ ಮೇಜಿಗೂ ತಂದುಕೊಟ್ಟ, ನಾನು ತಿಂದೆ. ಆ ದಿನ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಹೊಸದಾಗಿ ಸಿಕ್ಕ ನೆಮ್ಮದಿ ಕೈತಪ್ಪುತ್ತದೆ ಎಂಬ ಹೆದರಿಕೆ.

ಅಲ್ಲಿಂದ ಡಿಸೆಂಬರಿನವರೆಗೆ ವಾರಕ್ಕೆ ನಾಲ್ಕು ಸಂಜೆ ಡೊಂಬಿವಲಿಯ ಹೌಸಿಂಗ್ ಸೊಸೈಟಿಗಳ ಲೆಕ್ಕ ಬರೆಯತೊಡಗಿದೆ. ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯ ಕೆಳಗೆ ಬರುವ ಪ್ರತಿ ಸೊಸೈಟಿಯೂ ಲೆಕ್ಕವಿಟ್ಟು ಆಡಿಟ್ ಮಾಡಿಸಬೇಕು. ಲೆಕ್ಕ ಗೊತ್ತಿರುವ ಕಾರ್ಯದರ್ಶಿ ಹತ್ತರಲ್ಲಿ ಒಬ್ಬನೂ ಇರಲಿಲ್ಲ. ಮೊದಲು ನಮ್ಮ ಕಟ್ಟಡ, ಆಮೇಲೆ ಎದುರಿನದು, ಆಮೇಲೆ ಇಬ್ಬರು ಉಡುಪಿ ಹೋಟೆಲಿನವರು. ಈ ಆರು ತಿಂಗಳು ನಾನು ಎರಡು ವಿಷಯ ಗಮನಿಸುತ್ತಿದ್ದೆ. ದಣಿದು ಬಂದ ಸಂಜೆಯೂ ಈ ಕೆಲಸಕ್ಕೆ ಕೂರಲು ಮನಸ್ಸಾಗುತ್ತದೆಯೇ? ಕೇಳಿದಷ್ಟು ಹಣ ಕೊಡುತ್ತಾರೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಅಷ್ಟಕ್ಕಷ್ಟೆ.

1999ರ ಡಿಸೆಂಬರಿನಲ್ಲಿ ಫೋರ್ಟಿನ ಕೆಲಸ ಬಿಟ್ಟೆ. ಕೊನೆಯ ದಿನ ಆ ಹುಡುಗನನ್ನು ಕೆಳಗೆ ಚಹಾದಂಗಡಿಗೆ ಕರೆದು ಎಲ್ಲ ಹೇಳಿದೆ. ಅವನು ಗ್ಲಾಸು ತಿರುಗಿಸುತ್ತ ಕೇಳಿಸಿಕೊಂಡ. "ಗೊತ್ತು ಸರ್," ಎಂದ, "ಫೆಬ್ರವರಿಯಲ್ಲಿ ತಂಗಿಯ ಮದುವೆ ಇದೆ." ಅದರ ಮುಂದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಚಹಾದ ಹಣ ಅವನೇ ಕೊಟ್ಟ.

ಮೊದಲ ವರ್ಷ ತಿಂಗಳಿಗೆ ಐದೂವರೆ ಸಾವಿರಕ್ಕಿಂತ ಹೆಚ್ಚು ಗಳಿಸಲಿಲ್ಲ. ಹಳೆಯ ಪಗಾರದ ಮಟ್ಟಕ್ಕೆ ಬರಲು ನಾಲ್ಕು ವರ್ಷ ಬೇಕಾಯಿತು. ಸಂಘದ ಕಾರ್ಯಕ್ರಮಗಳಲ್ಲಿ "ಈಗ ಎಲ್ಲಿ ಕೆಲಸ?" ಎಂದರೆ ಉತ್ತರ ಹೇಳಲು ನಾಚಿಕೆಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇದು ಯಾವ ಸಾಹಸಗಾಥೆಯೂ ಅಲ್ಲ. ಲೆಕ್ಕದವನಾಗಿದ್ದವನು ಲೆಕ್ಕದವನಾಗಿಯೇ ಉಳಿದೆ. ಬೇರೆ ಲೆಕ್ಕ, ಬೇರೆ ಮೇಜು.

ನಿಮ್ಮ ಕಾಲ ಬೇರೆ. ನಮಗೆ ಭಯ ಬರಲು ಒಂದು ಸುರಂಗವಾದರೂ ಇತ್ತು, ದಾಟಿದರೆ ಮನೆ. ನಿಮ್ಮ ಆಫೀಸು ಲ್ಯಾಪ್‌ಟಾಪಿನಲ್ಲಿ ಕೂತು ಹಾಸಿಗೆಯ ಪಕ್ಕಕ್ಕೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ಹೆಸರಿಸಿದೆ. ಅದನ್ನು ರೋಗವೆನ್ನದೆ ಉದ್ಯೋಗದಿಂದ ಬರುವ ಸ್ಥಿತಿಯೆಂದಿದೆ. ಶಕ್ತಿ ಬಸಿದುಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿಯುವುದು ಅಥವಾ ಕಹಿಯಾಗುವುದು, ಮಾಡಿದ್ದು ಸಾರ್ಥಕವಾಗುತ್ತಿಲ್ಲ ಎನಿಸುವುದು, ಇವು ಅದರ ಮೂರು ಗುರುತು. ಆದ್ದರಿಂದ ಇದನ್ನು ಯಾರಾದರೂ "ಸೋಮಾರಿತನ" ಎಂದರೆ ನಂಬಬೇಡಿ, ಅಪ್ಪನೇ ಅಂದರೂ ಸರಿ. ಭಯ ಭಾನುವಾರದ ಸಂಜೆಯನ್ನು ದಾಟಿ ಇಡೀ ವಾರಕ್ಕೆ ಹಬ್ಬಿದರೆ, ನಿದ್ದೆ ಊಟ ಬಿಟ್ಟುಹೋದರೆ, ಬದುಕೇ ಬೇಡವೆನಿಸಿದರೆ ಕಾರ್ಡು ಗೀಚುತ್ತ ಕೂರಬೇಡಿ. ಡಾಕ್ಟರರಲ್ಲಿ ಹೋಗಿ, ನನ್ನ ಹಾಗೆ ಅರ್ಧ ಹೇಳದೆ ಪೂರ್ತಿ ಹೇಳಿ. 2022ರಲ್ಲಿ ಸರಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಐರೋಲಿಯ ಹುಡುಗಿ, ನಿನ್ನ ಭಯ ಎಲ್ಲಿಯದೋ ನನಗೆ ಗೊತ್ತಿಲ್ಲ. ಕೆಲಸದ್ದಿರಬಹುದು, ಒಬ್ಬ ಮನುಷ್ಯನದ್ದಿರಬಹುದು, ರಾತ್ರಿ ಹನ್ನೊಂದರ ಅಮೆರಿಕದ ಕರೆಯದ್ದಿರಬಹುದು, ನನ್ನ ಹಾಗೆ ಒಂದು ಸಹಿಯದ್ದಿರಬಹುದು. ಒಂದೊಂದಕ್ಕೆ ದಾರಿ ಬೇರೆ. ಕೆಲಸ ಬಿಡುವುದು ಅವುಗಳಲ್ಲಿ ಒಂದಕ್ಕೋ ಎರಡಕ್ಕೋ ಮಾತ್ರ ಔಷಧ.

ಹೋದ ಮೇ ತಿಂಗಳಲ್ಲಿ ಮತ್ಸ್ಯಗಂಧದಲ್ಲಿ ಊರಿಗೆ ಹೋದೆ. ಅಣ್ಣ ನಿವೃತ್ತನಾಗಿದ್ದಾನೆ, ವಸೂಲಿಯ ಕನಸು ಮಾತ್ರ ಈಗಲೂ ಬೀಳುತ್ತದಂತೆ. ಠಾಣೆ ಬಿಟ್ಟು ಸುರಂಗ ಬಂದಾಗ ಅಭ್ಯಾಸಬಲದಿಂದ ಕೈ ಹೊಟ್ಟೆಯ ಮೇಲೆ ಹೋಯಿತು. ಎದುರಿಗೆ ಕೂತಿದ್ದ ಹೆಂಗಸು "ಹೊಟ್ಟೆನೋವಾ ಅಣ್ಣಾ, ಓಮ ಕೊಡಲಾ?" ಎಂದರು.

ಸಂಘದ ವಾಚನಾಲಯ ಶನಿವಾರ ಸಂಜೆ ಐದರಿಂದ ಎಂಟರವರೆಗೆ ತೆರೆದಿರುತ್ತದೆ. ನಾನು ಕಪಾಟಿನ ಪಕ್ಕದ ಮೇಜಿನಲ್ಲಿ ಸೊಸೈಟಿಯ ಲೆಕ್ಕ ಬರೆಯುತ್ತ ಕೂತಿರುತ್ತೇನೆ. ಕಾರ್ಡು ನೋಡಬೇಕೆಂದರೆ ತೋರಿಸುತ್ತೇನೆ. ಚಹಾ ಕೆಳಗಿನ ಅಂಗಡಿಯಿಂದ ತರಿಸಬಹುದು.